ನಾಲ್ಕೂ ಪ್ಲಗ್ ಕಪ್ಪು

ಮರಳಿನಲ್ಲಿ, ಕಾಡುದಾರಿಯಲ್ಲಿ ಓಡಿಸಬೇಕೆಂದು ನಾನು ಕೊಂಡ ಹಳೆಯ ಪೆಟ್ರೋಲ್ ಜೀಪು ಪರದೇಶದ ಕ್ಯಾಲಮ್‌ವೇಲ್ ಬಡಾವಣೆಯ ನಮ್ಮ ಮನೆಯ ಮುಂದೆಯೇ ಕೆಮ್ಮುತ್ತಿತ್ತು. ಸಿಗ್ನಲ್‌ನಲ್ಲಿ ನಡುಗುತ್ತಿತ್ತು, ಏರು ಬಂದರೆ ಜಗ್ಗುತ್ತಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ನಾಲ್ಕೂ ಕಪ್ಪು, ತುದಿಯಲ್ಲಿ ಜಿಡ್ಡು. ಮರಳುಕಾಗದದಲ್ಲಿ ಉಜ್ಜಿ, ಗ್ಯಾಪ್ ಸರಿಮಾಡಿ ಹಾಕಿದೆ. ಎರಡು ವಾರಕ್ಕೆ ಮತ್ತೆ ಕಪ್ಪು. ಹೊಸವನ್ನು ಹಾಕಿದೆ. ಅವೂ ಕಪ್ಪಾದವು.

ನಾನು ಸಿವಿಲ್ ಎಂಜಿನಿಯರ್. ಹಾಗಾಗಿ ಯೋಚಿಸಿದೆ. ಒಂದೇ ಪ್ಲಗ್ ಕಪ್ಪಾಗಿದ್ದರೆ ಆ ಒಂದು ಸಿಲಿಂಡರಿನ ತಪ್ಪು. ನಾಲ್ಕೂ ಒಂದೇ ಸಮನೆ ಕಪ್ಪಾದರೆ, ನಾಲ್ಕಕ್ಕೂ ಹೋಗುವ ವಸ್ತುವಿನದು. ಏರ್ ಫಿಲ್ಟರ್ ಹೊಸದು. ಉಳಿದದ್ದು ಪೆಟ್ರೋಲು. ಇಷ್ಟು ಸ್ಪಷ್ಟವಾಗಿ ನಾನು ಆಫೀಸಿನಲ್ಲೂ ಯೋಚಿಸಿದ್ದಿಲ್ಲ. ಮೈಸೂರಿನಲ್ಲಿ ಬೆಳೆದವನಿಗೆ ಪೆಟ್ರೋಲ್ ಸರಿಯಿಲ್ಲ ಎಂದರೆ ಅರ್ಥ ಒಂದೇ, ಸೀಮೆಎಣ್ಣೆ ಬೆರೆಸಿದ್ದಾರೆ.

ಪೆಟ್ರೋಲ್ ತುಂಬಿಸುತ್ತಿದ್ದದ್ದು ಗೆಳೆಯನ ಸರ್ವೋದಲ್ಲಿ. ಇಲ್ಲಿ ಪೆಟ್ರೋಲ್ ಬಂಕಿಗೆ ಹಾಗೆನ್ನುತ್ತಾರೆ. ಅವನು ಮಂಗಳೂರು ಕಡೆಯವನು. ಕುವೈತ್‌ನಲ್ಲಿ ದುಡಿದದ್ದನ್ನೆಲ್ಲ ಸುರಿದು ಆ ಸರ್ವೋ ಹಿಡಿದಿದ್ದ. ಶನಿವಾರ ಅವನ ಹೆಂಡತಿ ಮಾಡುವ ಬನ್ಸ್‌ಗಾಗಿ ದೂರದ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಿಂದಲೂ ಕನ್ನಡದವರು ಬರುತ್ತಿದ್ದರು. ಅವನ ಅರ್ಧ ವ್ಯಾಪಾರ ನಮ್ಮವರದೇ.

ಅವನನ್ನು ಕೇಳಬಹುದಿತ್ತು. ಕೇಳಲಿಲ್ಲ. ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಪ್ಲಗ್‌ಗಳ ಫೋಟೋ ಹಾಕಿ, ಪೆಟ್ರೋಲ್ ಕಲಬೆರಕೆ ಇರಬಹುದು, ಹುಷಾರು ಎಂದು ಬರೆದು, ಸರ್ವೋ ಯಾವುದೆಂದೂ ತಿಳಿಸಿದೆ. ಅವನೂ ಆ ಗುಂಪಿನಲ್ಲಿದ್ದ. ಅದು ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅರ್ಧ ಗಂಟೆಯಲ್ಲಿ ಫೋನು ಬಿಸಿಯಾಯಿತು. ಒಬ್ಬರ ಕಾರಿನ ಮೈಲೇಜ್ ಇಳಿದಿತ್ತಂತೆ. ಇನ್ನೊಬ್ಬರಿಗೆ ಮೊದಲಿನಿಂದಲೂ ಅನುಮಾನವಿತ್ತಂತೆ. ಮತ್ತೊಬ್ಬರ ಹೆಂಡತಿಗೆ ಅಲ್ಲಿಗೆ ಹೋದಾಗಲೆಲ್ಲ ತಲೆನೋವು ಬರುತ್ತಿತ್ತಂತೆ.

ನಾನು ಬೇರೆ ಸರ್ವೋಗೆ ಹೋಗತೊಡಗಿದೆ. ತಿಂಗಳು ಕಳೆದರೂ ಪ್ಲಗ್ ಕಪ್ಪು. ಹಳೆಯ ಪೆಟ್ರೋಲಿನ ಕೊಳೆ ಇನ್ನೂ ಹೋಗಿಲ್ಲ ಎಂದು ತೀರ್ಮಾನಿಸಿದೆ.

ಒಂದು ಭಾನುವಾರ ಬೆಳಿಗ್ಗೆ ಗೆಳೆಯನೇ ಮನೆಗೆ ಬಂದ. ಜಗಳಕ್ಕೆ ಬಂದನೆಂದುಕೊಂಡೆ.

"ಪ್ಲಗ್ ತೋರಿಸು ಮಾರಾಯ," ಎಂದ.

ಬಿಚ್ಚಿ ಕೊಟ್ಟೆ. ಬೆರಳಿನಿಂದ ಉಜ್ಜಿದ, ಮೂಸಿದ.

"ಪೆಟ್ರೋಲ್ ಒಟ್ಟಿಗೆ ಎಂತ ಹಾಕ್ತಿ?"

"ಏನೂ ಇಲ್ಲ ಕಣೋ. ಆಯಿಲ್ ಅಷ್ಟೇ."

"ಎಂತ ಆಯಿಲ್?"

ಗರಾಜಿನಿಂದ ಟೂ-ಟಿ ಆಯಿಲ್ ಬಾಟಲಿ ತಂದು ಕೊಟ್ಟೆ. ನಮ್ಮಪ್ಪ ಸ್ಕೂಟರಿಗೆ ಪೆಟ್ರೋಲ್ ಹಾಕಿಸುವಾಗಲೆಲ್ಲ ಅದನ್ನು ಬೆರೆಸುತ್ತಿದ್ದರು. ಹಳೆಯ ಎಂಜಿನ್ನಿಗೆ ಇನ್ನೂ ಒಳ್ಳೆಯದೆಂದು ನಾನು ಧಾರಾಳವಾಗಿಯೇ ಸುರಿಯುತ್ತಿದ್ದೆ. ಸ್ಕೂಟರಿನ ಎಂಜಿನ್ ಬೇರೆ ಜಾತಿಯದು, ಜೀಪಿನಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸಬಾರದು ಎಂಬುದನ್ನು ಕಾಲೇಜಿನ ಮೊದಲ ವರ್ಷವೇ ಓದಿ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಅವನು ಬಾಟಲಿ ತಿರುಗಿಸಿ ನೋಡಿದ.

"ಇದು ನನ್ನಲ್ಲೇ ತಕೊಂಡದ್ದಲ್ವಾ? ಹುಲ್ಲು ಕತ್ತರಿಸುವ ಮಿಷನಿಗೆ ಅಂತ ತಿಳ್ಕೊಂಡಿದ್ದೆ."

ನಗಲಿಲ್ಲ, ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈ ಒರೆಸಿಕೊಳ್ಳುತ್ತ, "ಅವಳು ಬನ್ಸ್ ಮಾಡುದು ನಿಲ್ಲಿಸಿದ್ದಾಳೆ. ತಿನ್ಲಿಕ್ಕೆ ಯಾರೂ ಬರುದಿಲ್ಲ," ಎಂದ. ಈ ದೇಶದಲ್ಲಿ ಸೀಮೆಎಣ್ಣೆ ಪೆಟ್ರೋಲಿಗಿಂತ ದುಬಾರಿ ಎಂಬುದನ್ನೂ ಹೇಳಿ ಹೊರಟ.

ಮಧ್ಯಾಹ್ನ ಗುಂಪಿನಲ್ಲಿ ಎಲ್ಲವನ್ನೂ ಬರೆದೆ. ತಪ್ಪು ನನ್ನದು, ಆಯಿಲ್ ಸುರಿದವನು ನಾನೇ, ಅವನ ಪೆಟ್ರೋಲಿನಲ್ಲಿ ಏನೂ ದೋಷವಿಲ್ಲ. ಎಲ್ಲರೂ ಸೇರಿ ನನ್ನನ್ನು ಉಗಿಯಲಿ ಎಂದು ಕಾದು ಕೂತೆ. ಅಷ್ಟರಲ್ಲಿ ಯಾರದೋ ಹುಟ್ಟುಹಬ್ಬ ಬಂತು, ಸಾಲಾಗಿ ಕೇಕಿನ ಚಿತ್ರಗಳು ಬಂದವು, ನನ್ನ ಸಂದೇಶ ಮೇಲೆ ಸರಿದುಹೋಯಿತು. ಸಂಜೆಯವರೆಗೆ ಅದಕ್ಕೆ ಬಂದದ್ದು ಒಂದೇ ಒಂದು ಥಂಬ್ಸ್ ಅಪ್. ಒತ್ತಿದವನು ಅವನು.