ಅಮಾವಾಸ್ಯೆಯ ಮಧ್ಯಾಹ್ನದ ನೀರು

ನಮ್ಮ ಅತ್ತೆ ತೀರಿಕೊಂಡು ಮೂರು ತಿಂಗಳಾಯಿತು. ಮಾತಾಡಿಸಲು ಬಂದವರೆಲ್ಲ ಅವರ ದುಡಿಮೆಯನ್ನೇ ನೆನೆದರು. ಅಘನಾಶಿನಿಯ ಹೊಳೆಯಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಹೆಕ್ಕಿದ್ದು, ಆ ಚಿಪ್ಪುಮೀನಿನ ಬುಟ್ಟಿಯನ್ನು ಹೊತ್ತು ಕುಮಟೆಯ ಪೇಟೆಯಲ್ಲಿ ಮಾರಿದ್ದು, ಗಂಡ ಹೋದ ಮೇಲೆ ಒಬ್ಬರೇ ಮಗನನ್ನು ಬೆಳೆಸಿದ್ದು. ಎಲ್ಲ ನಿಜ. ಆದರೆ ಅವರು ಕುಮಟೆಯ ಒಂದು ಓದುಗರ ಬಳಗದ ಸದಸ್ಯೆಯಾಗಿದ್ದರು ಎಂಬುದನ್ನು ಯಾರೂ ಹೇಳಲಿಲ್ಲ. ನಾನು ಮಾತು ಕಡಿಮೆಯವಳು. ಬಂದವರಿಗೆ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಆಗ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕುಮಟೆಯವಳಾದ ನಾನು ಮದುವೆಯಾಗಿ ಹೊಳೆದಂಡೆಯ ಅಘನಾಶಿನಿ ಊರಿಗೆ ಬಂದು ಎರಡು ವರ್ಷವಾಗಿತ್ತು. ಗಂಡ ತದಡಿಯ ಬೋಟಿನಲ್ಲಿ ಕೆಲಸಕ್ಕಿದ್ದರು. ಶಾಲೆಯಲ್ಲಿ ನನಗೆ ಕಲಿಸಿದ್ದ ಅಕ್ಕೋರು (ಶಿಕ್ಷಕಿಯನ್ನು ನಮ್ಮ ಕಡೆ ಹಾಗೇ ಕರೆಯುವುದು) ನಿವೃತ್ತರಾದ ಮೇಲೆ ಏಳು ಹೆಂಗಸರನ್ನು ಸೇರಿಸಿ ಶನಿವಾರ ಮಧ್ಯಾಹ್ನ ಪುಸ್ತಕ ಓದಿಸುತ್ತಿದ್ದರು. ಪುಸ್ತಕ ಒಂದೇ. ಒಬ್ಬರು ಓದಬೇಕು, ಉಳಿದವರು ಕೇಳಬೇಕು, ಆಮೇಲೆ ಚರ್ಚೆ. ನನ್ನ ದನಿ ಸ್ಪಷ್ಟವೆಂದು ಅಕ್ಕೋರು ನನ್ನನ್ನು ಕರೆಸಿಕೊಂಡಿದ್ದರು. ವಕೀಲರೊಬ್ಬರ ಮನೆಯ ಮುಂದಿನ ಕೋಣೆಯಲ್ಲಿ ನಾವು ಸೇರುತ್ತಿದ್ದೆವು. ವಕೀಲರ ಹೆಂಡತಿಯೇ ಅಧ್ಯಕ್ಷೆ.

ಅತ್ತೆ ಪೇಟೆಯ ವ್ಯಾಪಾರ ಮುಗಿಸಿ, ಸಂಜೆಯ ಬಸ್ಸಿಗೆ ನನಗೆ ಜೊತೆಯಾಗಲು ಅಲ್ಲಿಗೆ ಬರುತ್ತಿದ್ದರು. ಖಾಲಿ ಬುಟ್ಟಿಯನ್ನು ಪಕ್ಕಕ್ಕಿಟ್ಟು ಜಗುಲಿಯ ಮೇಲೆ, ಕಿಟಕಿಯ ಕೆಳಗೆ ಕೂರುತ್ತಿದ್ದರು. ಮೊದಲ ದಿನ ಒಳಗಿನವರು ಏನೂ ಹೇಳುವ ಮುಂಚೆಯೇ "ಇಲ್ಲೇ ಕೂತ್ಕಳಿ ಅತ್ತೆ" ಎಂದವಳು ನಾನು. ಬುಟ್ಟಿಯ ವಾಸನೆಗೆ ನಾಚಿಕೊಂಡಿದ್ದೆ. ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಬರೆಯಲು ನನಗೆ ಮನಸ್ಸಿಲ್ಲ.

ಆ ಬೇಸಿಗೆಯಲ್ಲಿ ಒಂದು ಕೊಲೆಯ ಕಾದಂಬರಿ ಹಿಡಿದೆವು. ನಮ್ಮ ಕರಾವಳಿಯದೇ ಕತೆ. ಹೊಳೆ ಸಮುದ್ರ ಸೇರುವಲ್ಲಿ ಒಂದು ಬಂಗಲೆ. ಅದರಲ್ಲಿ ಒಬ್ಬ ಮರದ ವ್ಯಾಪಾರಿ ಅಮಾವಾಸ್ಯೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಕೊಲೆಯಾಗುತ್ತಾನೆ. ಅನುಮಾನ ಅವನ ಎರಡನೆಯ ಹೆಂಡತಿಯ ಮೇಲೆ, ಗುಮಾಸ್ತನ ಮೇಲೆ, ಅಣ್ಣನ ಮಗನ ಮೇಲೆ. ಅಣ್ಣನ ಮಗ ಮಾತ್ರ ಬೇಗ ಪಾರಾಗುತ್ತಾನೆ. ಅದೇ ಹನ್ನೆರಡು ಗಂಟೆಗೆ ಅವನು ಆಚೆ ದಡದಿಂದ ಮರಳ ಮೇಲೆ ಹೊಳೆ ದಾಟಿ ಬರುತ್ತಿದ್ದ, ಪಾದವಷ್ಟೇ ಒದ್ದೆಯಾಗಿತ್ತು, ನಾನೇ ಕಂಡೆ ಎಂದು ಆ ಊರಿನ ಡಾಕ್ಟರು ಸಾಕ್ಷಿ ಹೇಳುತ್ತಾರೆ.

ಯಾರೂ ಕದ್ದು ನೋಡಬಾರದೆಂದು ಅಕ್ಕೋರು ಕೊನೆಯ ಅಧ್ಯಾಯದ ಹಾಳೆಗಳನ್ನು ಸೂಜಿದಾರದಿಂದ ಹೊಲಿದುಬಿಟ್ಟಿದ್ದರು. ದಾರ ಬಿಚ್ಚುವ ಮೊದಲು ಪ್ರತಿಯೊಬ್ಬರೂ ಕೊಲೆಗಾರ ಯಾರೆಂದು ಹೇಳಬೇಕು. ಮೂವರು ಹೆಂಡತಿ ಎಂದರು. ಅಧ್ಯಕ್ಷೆಯೂ ನಾನೂ ಗುಮಾಸ್ತ ಎಂದೆವು. ಉಳಿದವರು ಇನ್ನೂ ಯೋಚಿಸುತ್ತಿದ್ದಾಗ ಕಿಟಕಿಯ ಕೆಳಗಿಂದ ಮಾತು ಬಂತು.

"ಅಣ್ಣನ ಮಗನೇ ಕೊಂದದ್ದು. ಆ ಡಾಕ್ಟ್ರು ಸುಳ್ಳ."

ನನ್ನ ಕಿವಿ ಬಿಸಿಯಾಯಿತು. ಅಧ್ಯಕ್ಷೆ ಕಿಟಕಿಯಿಂದ ಬಗ್ಗಿ ನೋಡಿದರು. "ನಿನ್ನ ಯಾರು ಕೇಳಿದ್ರು? ಇದು ಓದು ಬಂದವರ ಸಭೆ."

"ಓದು ಬತ್ತಿಲ್ಲ ಅಮ್ಮ, ಕಿವಿ ಉಂಟಲ್ಲ," ಎಂದರು ಅತ್ತೆ. "ಅಮಾಸೆ ದಿವ್ಸ ಮಧ್ಯಾಹ್ನ ಭರತದ ನೀರು ತುಂಬ್ಕಂಡಿರ್ತದೆ. ಅಂವ ಮರಳ ಮೇಲೆ ಹೆಂಗೆ ನಡೆದ? ಅಂವ ನಡೀಲಿಲ್ಲ, ಇಂವ ಕಾಣಲಿಲ್ಲ."

ಎಲ್ಲರೂ ನಕ್ಕರು. ಅಕ್ಕೋರು ನಗಲಿಲ್ಲ. ದಾರ ಕತ್ತರಿಸಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ನಾನು ಓದಿದೆ. ಕೊಲೆ ಮಾಡಿದವನು ಗುಮಾಸ್ತ. ಡಾಕ್ಟರು ಕೊನೆಯ ಸಾಲಿನವರೆಗೂ ಸತ್ಯವಂತರೇ.

"ಎಂತ ಆತು ಈಗ?" ಅಧ್ಯಕ್ಷೆ ಕಿಟಕಿಯತ್ತ ಕೂಗಿದರು. "ನಿನ್ನ ಡಾಕ್ಟ್ರು ಬಚಾವಾದ್ನಲ್ಲ!"

"ಡಾಕ್ಟ್ರು ಬಚಾವಾದ್ರೆ ಬರ್ದವ ಸಿಕ್ಕಿಬಿದ್ದ. ಅವ್ನಿಗೆ ಬೇಕಾದಂಗೆ ಬರ್ಕಳ್ಳಲಿ, ಹೊಳೆಗೆ ಒಂದ್ ಮಾತು ಹೇಳಬೇಕಿತ್ತಲ್ಲ."

"ಅದು ಬೇರೆ ಹೊಳೆ ಇರಬಹುದು."

"ಸಮುದ್ರ ಒಂದೇ ಅಲ್ದಾ ಅಮ್ಮ?"

ಈ ಸಲ ಎಲ್ಲರೂ ನಕ್ಕದ್ದು ಅಧ್ಯಕ್ಷೆಯನ್ನು ನೋಡಿ. ಅವರ ಮುಖ ಬಿಗಿಯಿತು. ಬರುವ ಅಮಾವಾಸ್ಯೆಗೆ ಅಘನಾಶಿನಿಗೇ ಹೋಗಿ ನೋಡೋಣ ಎಂದರು ಅಕ್ಕೋರು. ನೀರಿಲ್ಲದಿದ್ದರೆ ಏನು ಮಾಡುತ್ತೀ ಎಂದು ಅಧ್ಯಕ್ಷೆ ಅತ್ತೆಯನ್ನು ಕೇಳಿದರು.

"ಈ ಜಗುಲಿಗೂ ಬರೂದಿಲ್ಲ."

"ಇದ್ರೆ?"

"ಇದ್ರೆ ಒಳಗೆ ಕೂತ್ಕಂತೆ."

ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನವಿತ್ತು. ನಡುವಿನ ಶನಿವಾರ ಅತ್ತೆ ವಕೀಲರ ಮನೆಗೆ ಬರಲಿಲ್ಲ. ತೀರ್ಮಾನವಾಗದೆ ಬರಬಾರದೆಂದು ಬಸ್ ಸ್ಟ್ಯಾಂಡಿನಲ್ಲೇ ನನಗಾಗಿ ಕಾದರು. ಆ ದಿನ ಒಂದು ಸಣ್ಣ ಕತೆ ಓದಿದೆ, ನನ್ನ ಓದು ನನಗೇ ಸಪ್ಪೆಯೆನಿಸಿತು. ಇಷ್ಟು ದಿನ ನಾನು ಕಿಟಕಿಯ ಕೆಳಗಿದ್ದವರಿಗಾಗಿಯೇ ದನಿ ಎತ್ತಿ ಓದುತ್ತಿದ್ದೆ ಎಂದು ಆಗಲೇ ತಿಳಿದದ್ದು.

ಅಮಾವಾಸ್ಯೆಯಂದು ಅಕ್ಕೋರು, ಅಧ್ಯಕ್ಷೆ, ಮತ್ತೆ ನಾಲ್ವರು ಹನ್ನೊಂದರ ಬಸ್ಸಿನಲ್ಲಿ ಬಂದಿಳಿದರು. ಅತ್ತೆ ಮುಂದೆ, ನಾವು ಹಿಂದೆ. ಹೊಳೆಯ ದಡಕ್ಕೆ ಬಂದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಮರಳು ಎಲ್ಲೂ ಕಾಣಲಿಲ್ಲ. ಈ ದಡದಿಂದ ಆ ದಡದವರೆಗೂ ನೀರು, ಕಟ್ಟಿಹಾಕಿದ ದೋಣಿಗಳು ಹಗ್ಗ ಜಗ್ಗುತ್ತ ತೇಲುತ್ತಿದ್ದವು. ಅಧ್ಯಕ್ಷೆ ಸುಮ್ಮನೆ ಸೋಲುವವರಲ್ಲ. ಸೀರೆ ಎತ್ತಿ ಹಿಡಿದು ಎರಡು ಹೆಜ್ಜೆ ನೀರಿಗಿಳಿದು, ಮಡಿಸಿದ ಕೊಡೆಯನ್ನು ಮುಂದಕ್ಕೆ ಊರಿದರು. ಕೊಡೆ ಹಿಡಿಕೆಯವರೆಗೂ ಮುಳುಗಿತು.

"ಇನ್ನು ಮುಂದೆ ಹೋಗಬೇಡಿ ಅಮ್ಮ," ಅತ್ತೆ ಕೂಗಿದರು. "ನಿಮ್ಮ ಕೇಸಿಗೆ ನಾನು ಸಾಕ್ಷಿ ಹೇಳಬೇಕಾತದೆ!"

ಅಧ್ಯಕ್ಷೆಗೂ ನಗು ತಡೆಯಲಾಗಲಿಲ್ಲ. ದಡ ಹತ್ತಲು ಅತ್ತೆ ಚಾಚಿದ ಕೈಯನ್ನು ಹಿಡಿದುಕೊಂಡು ಕೇಳಿದರು: "ಹಂಗಾರೆ ನೀವು ಬಳಚು ಹೆಕ್ಕೂದು ಯಾವಾಗ?"

ಅವರು "ನೀವು" ಎಂದದ್ದು ನಮ್ಮೆಲ್ಲರ ಕಿವಿಗೂ ಬಿತ್ತು. ಅತ್ತೆ ಮಾತ್ರ ಅದರಲ್ಲೇನೂ ವಿಶೇಷವಿಲ್ಲವೆಂಬಂತೆ, "ಇವತ್ತು ಸಂಜೆ ಐದಕ್ಕೆ. ಅಲ್ಲೀವರೆಗೆ ಇದ್ರೆ ತೋರಿಸ್ತೆ," ಎಂದರು.

ಎಲ್ಲರೂ ನಮ್ಮ ಮನೆಯಲ್ಲೇ ಊಟ ಮಾಡಿ ಉಳಿದರು. ಐದಕ್ಕೆ ನೀರು ಇಳಿದು ಹೊಳೆಯ ನಡುವೆ ಮರಳು ಎದ್ದಿತ್ತು. ಅಕ್ಕೋರು ಚಪ್ಪಲಿ ಬಿಚ್ಚಿ ಅದರ ಮೇಲೆ ಅಷ್ಟು ದೂರ ನಡೆದು ಹೋಗಿ ಬಂದರು. ಅವರ ಪಾದವಷ್ಟೇ ಒದ್ದೆಯಾಗಿತ್ತು. "ಐದು ಗಂಟೆಗೆ ಕೊಲೆ ಮಾಡಿಸಿದ್ದರೆ ಕಾದಂಬರಿ ಸರಿಹೋಗುತ್ತಿತ್ತು," ಎಂದರು, ಪರೀಕ್ಷೆಯ ಪೇಪರಿನಲ್ಲಿ ತಪ್ಪು ತಿದ್ದುವ ದನಿಯಲ್ಲಿ. ಆ ಪೇಪರನ್ನು ನನ್ನ ಅತ್ತೆ ಮೊದಲೇ ತಿದ್ದಿದ್ದರು. ಪುಸ್ತಕ ಮುಗಿದ ದಿನ ಕೊಲೆಗಾರನನ್ನು ಸರಿಯಾಗಿ ಹೇಳಿದ್ದವಳು ನಾನು. ಆದರೆ ನನಗೆ ಹೆಮ್ಮೆಯೆನಿಸಿದ್ದು ತಪ್ಪು ಹೇಳಿದವರ ಬಗ್ಗೆ.

ಮುಂದಿನ ಶನಿವಾರ ಅತ್ತೆ ಬುಟ್ಟಿಯ ಸಮೇತ ಒಳಗೆ ಬಂದರು. ಅದನ್ನು ಎಲ್ಲಿಡಬೇಕೆಂದು ಯಾರನ್ನೂ ಕೇಳಲಿಲ್ಲ, ಬೆಂಚಿನ ಕೆಳಗೆ ಸರಿಸಿ ಕೂತರು. ನಾನು ಅವರ ಪಕ್ಕಕ್ಕೆ ಹೋಗಿ ಕೂತೆ. ಅಧ್ಯಕ್ಷೆ ಸದಸ್ಯರ ಪುಸ್ತಕ ತೆರೆದು ಅವರ ಹೆಸರು ಬರೆದುಕೊಂಡರು. ವಿದ್ಯಾಭ್ಯಾಸ ಎಂಬ ಕಡೆ ಪೆನ್ನು ನಿಂತಿತು.

"ಇಲ್ಲಿ ಎಂತ ಬರೀಲಿ?"

"ಎಂತ ಬೇಕಾರೂ ಬರ್ಕಳಿ," ಎಂದರು ಅತ್ತೆ, "ಸುಳ್ಳು ಮಾತ್ರ ಬೇಡ."

ಅಧ್ಯಕ್ಷೆ ಆ ಜಾಗವನ್ನು ಖಾಲಿ ಬಿಟ್ಟು ಪಕ್ಕದಲ್ಲಿ "ಸದಸ್ಯೆ" ಎಂದು ಬರೆದರು. ಆಮೇಲೆ ಹತ್ತು ವರ್ಷ, ಕಾಲಿನ ನೋವು ಜೋರಾಗುವವರೆಗೂ, ಅತ್ತೆ ಆ ಬೆಂಚಿನಲ್ಲಿ ಕೂತರು. ಬೇರೆಯವರ ಅಭಿಪ್ರಾಯಕ್ಕೆ ಸುಮ್ಮನೆ ತಲೆಯಾಡಿಸಿದ್ದು ಒಂದು ದಿನವೂ ಇಲ್ಲ.

ಅವತ್ತು ಹೊಸ ಕಾದಂಬರಿ ಶುರುವಾಗಬೇಕಿತ್ತು. ನಾನು ಮೊದಲ ಪುಟ ತೆರೆದು "ಅಂದು ಹುಣ್ಣಿಮೆ" ಎಂದು ಓದಿದೆ. ಅಷ್ಟಕ್ಕೇ ಎಲ್ಲರ ಮುಖವೂ ಅತ್ತೆಯ ಕಡೆ ತಿರುಗಿತು. ನಾನೂ ಓದು ನಿಲ್ಲಿಸಿ ಅವರನ್ನೇ ನೋಡಿದೆ.

ಅತ್ತೆ ಸೆರಗು ಸರಿಮಾಡಿಕೊಂಡರು. "ಇನ್ನೂ ಎಂತದೂ ಆಗಲಿಲ್ಲಲ್ಲೇ ಮಗಾ," ಎಂದರು, "ಮುಂದೆ ಓದು."