ಸಿಸಿಲಿಯ ಸೇವಂತಿಗೆ, ಯೂನಿಯನ್ ಸಿಟಿಯ ದಾಸವಾಳ

ನನ್ನ ಗಂಡನಿಗೆ ಕಾಗೆ, ಗುಬ್ಬಚ್ಚಿ ಬಿಟ್ಟರೆ ಮೂರನೆಯ ಹಕ್ಕಿ ಗೊತ್ತಿರಲಿಲ್ಲ. ಅಂಥವರು ಒಂದು ಸಂಜೆ ಬಣ್ಣದ ಬ್ರೋಷರ್ ಹಿಡಿದು ಅಡುಗೆಮನೆಗೆ ಬಂದರು. ಸಿಸಿಲಿಯಲ್ಲಿ ವಸಂತಕಾಲದ ಪ್ರವಾಸವಂತೆ, ಜೊತೆಗೆ ಗೈಡ್ ಇರುತ್ತಾರಂತೆ, ಬೆಳಿಗ್ಗೆ ಹಕ್ಕಿ ನೋಡುವುದು, ಆಮೇಲೆ ಕಾಡುಹೂವು, ಸಂಜೆ ಗ್ರೀಕರ ಕಾಲದ ಪಾಳುಬಿದ್ದ ದೇವಸ್ಥಾನಗಳು. ಸರಟೋಗಾದ ಸಹೋದ್ಯೋಗಿಯೊಬ್ಬರ ಹೆಂಡತಿ ಹೋಗಿ ಬಂದು ಬಹಳ ಹೊಗಳಿದರಂತೆ. ನಾನು ಚಪಾತಿ ಹಿಟ್ಟಿನಿಂದ ಕೈ ತೆಗೆದು ಅವರ ಮುಖವನ್ನೇ ನೋಡಿದೆ.

"ನೀನೂ ಅಮ್ಮನೂ ಹೋಗಿ ಬನ್ನಿ," ಎಂದರು.

"ನೀವು?"

"ನನಗೆಲ್ಲಿ ರಜೆ? ಆಫೀಸಿನಲ್ಲಿ ಹೊಸ ಸಾಫ್ಟ್‌ವೇರಿನ ಲಾಂಚ್ ಇದೆ."

ಲಾಂಚ್ ಯಾರಿಗಿರಲಿಲ್ಲ? ಆಗ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಬೇ ಏರಿಯಾದಲ್ಲಿ ನಾಯಿಗೆ ಬಿಸ್ಕತ್ತು ಮಾರುವ ವೆಬ್‌ಸೈಟಿಗೂ ಲಾಂಚ್ ಇತ್ತು. ಆದರೆ ಮನೆಗೆ ಹಾಲು ತರಲು ಪುರುಸೊತ್ತಿಲ್ಲದವರು ನಮ್ಮಿಬ್ಬರ ವೀಸಾಕ್ಕಾಗಿ ತಾವೇ ಸ್ಯಾನ್ ಫ್ರಾನ್ಸಿಸ್ಕೋಗೆ ಓಡಾಡಿದರು. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಎಲ್ಲ ಸರಿಯಾಗಿದೆ ಎಂದು ಯಾರಾದರೂ ನಗುತ್ತಾ ಹೇಳಿದರೆ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಮನೆಗೆ ಬಂದ ಮೇಲೂ ಆ ಬುದ್ಧಿ ಬಿಡುತ್ತಿರಲಿಲ್ಲ.

ಅತ್ತೆ ಉಡುಪಿಯಿಂದ ಆರು ತಿಂಗಳಿಗೆಂದು ಬಂದಿದ್ದರು. ಅಲ್ಲಿ ಅವರು ಮನೆಯಲ್ಲೇ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳುತ್ತಿದ್ದವರು. ಬೆಳಿಗ್ಗೆ ಬೆಳ್ಳಿಯ ಪುಟ್ಟ ಗಣಪತಿಗೆ ಹೂವಿಟ್ಟು ಪೂಜೆ ಮಾಡದೆ ಕಾಫಿಯನ್ನೂ ಕುಡಿಯುವವರಲ್ಲ. ಯೂನಿಯನ್ ಸಿಟಿಯ ನಮ್ಮ ಮನೆಯ ಹಿತ್ತಲಿನಲ್ಲಿ ಒಣಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಹಾಗಾಗಿ ಊರಿನ ಅಭ್ಯಾಸದಂತೆ ಪ್ಲಾಸ್ಟಿಕ್ ಕವರು ಹಿಡಿದು ವಾಕಿಂಗ್ ಹೊರಟು, ಸಿಕ್ಕಸಿಕ್ಕ ಮನೆಗಳ ಮುಂದಿನ ಗುಲಾಬಿ ಬಿಡಿಸಿಕೊಂಡು ಬರುತ್ತಿದ್ದರು. ಪಕ್ಕದ ಮನೆಯಾಕೆ ಬಂದು ಬಹಳ ನಯವಾಗಿ ಕೇಳಿದ ದಿನ ನನಗೆ ಭೂಮಿಗಿಳಿದು ಹೋದಂತಾಯಿತು. ಅತ್ತೆಗೆ ಹೇಳಿದೆ. ಅವರು ಮರುದಿನದಿಂದ ಆಚೆ ಬೀದಿಗೆ ಹೋಗತೊಡಗಿದರು.

ತಾಯಿ ಮಗ ಮಾತಾಡಿಕೊಳ್ಳುವುದು ತುಳುವಿನಲ್ಲಿ. ನಾನು ಬೆಂಗಳೂರಿನವಳು, ನನಗೆ ತುಳು ಬರದು. ಆದರೆ ಎವರ್‌ಗ್ರೀನ್ ಬಡಾವಣೆಯಲ್ಲಿರುವ ಗೆಳೆಯರೊಬ್ಬರ ಜೊತೆ ಇವರು ಫೋನಿನಲ್ಲಿ ಆಡಿದ್ದು ಕನ್ನಡದಲ್ಲೇ. "ನಿಮ್ಮಮ್ಮನ ಗ್ರೀನ್ ಕಾರ್ಡಿಗೆ ಏನೇನು ಮಾಡಿದ್ರಿ?" ಎಂದು ಕೇಳುತ್ತಿದ್ದರು. ನನ್ನ ಕಿವಿ ನೆಟ್ಟಗಾಯಿತು. ಇವರಿಗೆ ಆಗಷ್ಟೇ ಇಲ್ಲಿನ ಪೌರತ್ವ ಸಿಕ್ಕಿತ್ತು, ಇನ್ನು ಅಮ್ಮನನ್ನು ಕಾಯಂ ಆಗಿ ಇಲ್ಲೇ ಇರಿಸಿಕೊಳ್ಳಬಹುದಿತ್ತು. ಅತ್ತೆ ಸೊಸೆ ಒಟ್ಟಿಗೆ ಹೂವು ಹಕ್ಕಿ ನೋಡಿ ಗಳಸ್ಯ ಕಂಠಸ್ಯ ಆಗಿಬಿಟ್ಟರೆ ಆಮೇಲೆ ನಾನು ಬೇಡವೆನ್ನುವ ಹಾಗಿಲ್ಲ. ಇದು ತಾಯಿ ಮಗ ಸೇರಿ ಮಾಡಿದ್ದು ಎಂದು ತೀರ್ಮಾನಿಸಿದೆ. ನನಗೆ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು. ಆರು ತಿಂಗಳು ಹೊಂದಿಕೊಂಡು ಹೋಗುವುದು ಬೇರೆ, ಜೀವಮಾನವಿಡೀ ನನ್ನ ಅಡುಗೆಮನೆಯಲ್ಲಿ ನಾನು ಅತಿಥಿಯಾಗುವುದು ಬೇರೆ.

ಪ್ರವಾಸದ ಗುಂಪಿನಲ್ಲಿ ನಾವಿಬ್ಬರು ಬಿಟ್ಟರೆ ಉಳಿದವರೆಲ್ಲ ಬೇ ಏರಿಯಾದ ನಿವೃತ್ತ ಅಮೆರಿಕನ್ನರು. ಎಲ್ಲರಿಗೂ ಮಣ್ಣುಬಣ್ಣದ ಟೋಪಿ, ಎಲ್ಲರ ಕೊರಳಲ್ಲೂ ಬೈನಾಕ್ಯುಲರ್. ಗೈಡ್ ಮೊದಲ ದಿನವೇ ಒಂದು ದಳವನ್ನೂ ಕೀಳಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದಳು. ನಾನು ಅದನ್ನು ಇನ್ನಷ್ಟು ಖಾರ ಸೇರಿಸಿ ಅತ್ತೆಗೆ ಹೇಳಿದೆ.

"ನನಗೆ ಗೊತ್ತಾಯ್ತು ಮಾರಾಯ್ತಿ. ನೀನು ಅಷ್ಟು ದೊಡ್ಡ ಕಣ್ಣು ಬಿಡುದು ಬೇಡ," ಎಂದರು.

ಮರುದಿನ ಬೆಳಿಗ್ಗೆ ಹೋಟೆಲಿನ ಮೇಜಿನ ಮೇಲೆ ಗಣಪತಿಯನ್ನಿಟ್ಟು, ಸ್ಟೀಲಿನ ಡಬ್ಬಿಯಿಂದ ಅರಿಸಿನದ ಅಕ್ಷತೆ ತೆಗೆದು ಹಾಕಿದರು. "ಹೂ ಇಲ್ಲದ ಕಡೆ ಹೂವಿನ ಬದಲಿಗೆ ಅಕ್ಷತೆ. ಅವನಿಗೆ ಗೊತ್ತುಂಟು," ಎಂದರು. ನಾನು ನಂಬಲಿಲ್ಲ. ಇಷ್ಟು ಸುಲಭದಲ್ಲಿ ಒಪ್ಪುವವರಾಗಿದ್ದರೆ ಆಚೆ ಬೀದಿಗೆ ಯಾಕೆ ಹೋಗುತ್ತಿದ್ದರು?

ಎಲ್ಲರೂ ಚಂದ್ರಮುಕುಟ ಹಕ್ಕಿಯನ್ನು ನೋಡಿದರು, ನಾನು ಅತ್ತೆಯ ಕೈಯನ್ನು ನೋಡಿದೆ. ಎಲ್ಲರೂ ಮೊಣಕಾಲೂರಿ ಕಾಡು ಆರ್ಕಿಡ್ಡಿನ ಫೋಟೋ ತೆಗೆದರು, ನಾನು ಅತ್ತೆಯ ಕೈಚೀಲ ತಡವಿದೆ. ಅದರಲ್ಲಿ ಇದ್ದದ್ದು ಶುಂಠಿ ಪೆಪ್ಪರಮೆಂಟು. ಇನ್ನೊಂದು ವಿಚಿತ್ರವೆಂದರೆ ಅವರು ನನ್ನನ್ನು ಹೊಗಳತೊಡಗಿದ್ದರು. ನನ್ನ ಸ್ವೆಟರ್ ಚಂದ, ನನ್ನ ಇಂಗ್ಲಿಷ್ ಚಂದ, ನಾನು ಇಲ್ಲದಿದ್ದರೆ ಅವರ ಮಗನ ಗತಿಯೇನು. ಯೂನಿಯನ್ ಸಿಟಿಯಲ್ಲಿ ನಾನು ಮಾಡಿದ ಸಾರಿಗೆ ಒಂದು ದಿನವೂ ಸಿಗದ ಸರ್ಟಿಫಿಕೇಟು ಇಲ್ಲಿ ಪುಕ್ಕಟೆ ಸಿಗುತ್ತಿತ್ತು. ನನ್ನ ತಲೆಯ ಹುಳ ಇನ್ನಷ್ಟು ಕೊರೆಯಿತು.

ಸಮುದ್ರದ ಪಕ್ಕದಲ್ಲಿ ಒಂದು ದೊಡ್ಡ ದೇವಸ್ಥಾನವಿತ್ತು, ಅಂದರೆ ಒಂದು ಕಾಲದಲ್ಲಿ ಇತ್ತು. ಭೂಕಂಪಕ್ಕೆ ಕಂಬಗಳೆಲ್ಲ ಉರುಳಿ ಕಲ್ಲಿನ ಗುಡ್ಡೆಯಾಗಿತ್ತು. ಆ ಕಲ್ಲುಗಳ ನಡುವೆ ಸೊಂಟದೆತ್ತರಕ್ಕೆ, ನಮ್ಮ ಸೇವಂತಿಗೆಯಂತೆಯೇ ಕಾಣುವ ಹಳದಿ ಹೂವು. ಗುಂಪು ಯಾವುದೋ ಹಕ್ಕಿಯ ಹಿಂದೆ ಗುಡ್ಡದಾಚೆ ಹೋಯಿತು. ಅತ್ತೆ ಕಾಲು ನೋವೆಂದು ಹಿಂದುಳಿದರು. ಇನ್ನು ಸಿಕ್ಕಿಬಿದ್ದರು ಅಂದುಕೊಂಡು ನಾನು ಕಲ್ಲೊಂದರ ಮರೆಯಲ್ಲಿ ನಿಂತು ಬೈನಾಕ್ಯುಲರ್ ಎತ್ತಿದೆ.

ಅತ್ತೆ ಬಗ್ಗಿದರು. ಕೈ ಚಾಚಿದರು. ಹೂವಿನ ತಲೆಯನ್ನು ಮಗುವಿನ ತಲೆ ಸವರಿದಂತೆ ಸವರಿ, ಬಿಟ್ಟರು. ಆಮೇಲೆ ನೇರ ನನ್ನ ಕಡೆಗೇ ತಿರುಗಿದರು.

"ಎಂತ ನೋಡುದು? ನಾನೆಂತ ಹಕ್ಕಿಯಾ?"

ನಾಚಿಕೆಯಿಂದ ಹತ್ತಿರ ಹೋದೆ. ಅವರು ಮುರಿದ ಕಂಬದ ಮೇಲೆ ಕೂತು, ಪಕ್ಕದಲ್ಲಿ ಕೂರಲು ಹೇಳಿದರು.

"ಸತ್ಯ ಹೇಳು. ನನ್ನನ್ನು ಅಮೆರಿಕದಲ್ಲೇ ಇಟ್ಟುಕೊಳ್ಳಲಿಕ್ಕೆ ನೀನೂ ಅವನೂ ಸೇರಿ ಮಾಡಿದ್ದಲ್ವಾ ಈ ಟೂರು?"

"ನಾನಾ? ನೀವೂ ಅವರೂ ಸೇರಿ ಮಾಡಿದ್ದು ಅಂದ್ಕೊಂಡಿದ್ದೆ ಅತ್ತೆ!"

ಸುಳ್ಳೋ ನಿಜವೋ ಎಂದು ಅವರು ನನ್ನನ್ನು ಅಳೆದರು. ನಾನೂ ಅವರನ್ನು ಅಳೆದೆ.

"ಮತ್ತೆ ನನ್ನನ್ನ ಅಷ್ಟೊಂದು ಯಾಕೆ ಹೊಗಳ್ತಿದ್ರಿ?"

"ನಿನ್ನನ್ನು ನನ್ನ ಕಡೆ ಮಾಡಿಕೊಳ್ಳುವ ಅಂತ. ನನಗೆ ಊರಿಗೆ ಹೋಗ್ಬೇಕು ಮಾರಾಯ್ತಿ. ಅಲ್ಲಿ ಸಂಜೆಯಾದರೆ ಮಕ್ಕಳು ಪುಸ್ತಕ ಹಿಡ್ಕೊಂಡು ಬರ್ತಾರೆ. ಇಲ್ಲಿ ಒಂದು ಕಟ್ಟು ಕೊತ್ತಂಬರಿಗೂ ನಿಮ್ಮ ಕಾರು ಬೇಕು. ಅವನಿಗೆ ಹೇಳಲಿಕ್ಕೆ ಬಾಯಿ ಬರುದಿಲ್ಲ. ನೀನು ಹೇಳ್ತೀಯಾ?"

"ನಾನು ಹೇಳಿದ್ರೆ ನಾನೇ ಓಡಿಸಿದೆ ಅಂತಾರೆ."

"ಅದೂ ಹೌದು," ಎಂದು ಅತ್ತೆ ಒಪ್ಪಿಕೊಂಡರು.

ನನಗೆ ದೊಡ್ಡ ಭಾರ ಇಳಿದಂತಾಯಿತು. ಜೊತೆಗೆ, ಇವರಿಗೆ ನಾವು ಬೇಡವೇ ಎಂದು ಸ್ವಲ್ಪ ಅವಮಾನವೂ ಆಯಿತು. ಉಳಿದ ದಿನಗಳಲ್ಲಿ ನಾವಿಬ್ಬರೂ ನಿಜವಾಗಿ ಹಕ್ಕಿ ನೋಡಿದೆವು. ಹೊಗಳಿಕೆ ನಿಂತಿತು.

ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಇವರು ನಗುತ್ತಾ ನಿಂತಿದ್ದರು. ಲಾಂಚ್ ಇರುವವರ ಮುಖ ಹಾಗಿರುವುದಿಲ್ಲ. ಮನೆಗೆ ಬಂದವರೇ ಪೆಟ್ಟಿಗೆ ಇಳಿಸುವ ಮೊದಲು ಅಮ್ಮನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. ಒಣಹುಲ್ಲು ಹೋಗಿತ್ತು. ಅಗೆದ ಹೊಸ ಮಣ್ಣಿನಲ್ಲಿ ಮಲ್ಲಿಗೆ ಬಳ್ಳಿ, ಸೇವಂತಿಗೆ, ಗುಲಾಬಿ, ಗಣಪತಿಗೆಂದೇ ಸಾಲಾಗಿ ಕೆಂಪು ದಾಸವಾಳ. ಒಂದು ಕುಂಡದಲ್ಲಿ ಗರಿಕೆ ಕೂಡ. ಕೀಬೋರ್ಡ್ ಬಿಟ್ಟು ಬೇರೇನೂ ಮುಟ್ಟದ ಅವರ ಅಂಗೈಯಲ್ಲಿ ಬೊಕ್ಕೆಗಳು ಎದ್ದಿದ್ದವು. ನಮ್ಮನ್ನು ಸಿಸಿಲಿಗೆ ಸಾಗಹಾಕಿ ರಜೆ ಹಾಕಿದ್ದು ಇದಕ್ಕೆ. ಇವರ ಮೇಲಿನ ನನ್ನ ಅನುಮಾನ ನಿಜವಾಗಿತ್ತು, ಆದರೆ ಅದರಿಂದ ಒಂದು ಚೂರೂ ಖುಷಿಯಾಗಲಿಲ್ಲ.

"ಇನ್ನು ಯಾರ ಮನೆ ಹೂವೂ ಬೇಡಮ್ಮ," ಎಂದರು. ಅತ್ತೆ ಒಂದೊಂದೇ ಗಿಡದ ಎಲೆ ಮುಟ್ಟಿ ನೋಡಿದರು.

ಮರುದಿನ ಬೆಳಿಗ್ಗೆ ಇವರು ಆಫೀಸಿಗೆ ಹೋಗದೆ ಕಾಫಿ ಹಿಡಿದು ಅಡುಗೆಮನೆಯ ಕಿಟಕಿಯಲ್ಲಿ ಕಾಯುತ್ತಿದ್ದರು. ಹೊರಗೆ ದಾಸವಾಳ ಅರಳಿ ನಿಂತಿತ್ತು. ಹಿತ್ತಲಿನ ಬಾಗಿಲು ತೆರೆಯಲೇ ಇಲ್ಲ. ಹಿಂದಿನಿಂದ ಗಂಟೆಯ ಸದ್ದು ಕೇಳಿ ತಿರುಗಿದರು. ಗಣಪತಿಯ ಮುಂದೆ ದೀಪ ಉರಿಯುತ್ತಿತ್ತು, ಪಾದದ ಬಳಿ ಅಕ್ಷತೆ ಇತ್ತು, ಪಕ್ಕದಲ್ಲಿ ಅದೇ ಸ್ಟೀಲಿನ ಡಬ್ಬಿ. ಆ ಪೂಜೆ ನೋಡುತ್ತಲೇ ಬೆಳೆದವರು ಅವರು. ಅಕ್ಷತೆ ಯಾವಾಗ ಹಾಕುತ್ತಾರೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ.

"ಅಮ್ಮಾ, ಹೂವು?"

ಅತ್ತೆ ತುಳು ಬಿಟ್ಟು, ನನಗೂ ತಿಳಿಯಲೆಂದು ಕನ್ನಡದಲ್ಲಿ ಹೇಳಿದರು.

"ಅದು ನಿಮ್ಮ ಮನೆಯದ್ದು ಮಗಾ. ಗಿಡದಲ್ಲೇ ಇರಲಿ."

ಇವರು ಕಾಫಿ ಲೋಟ ಕೆಳಗಿಟ್ಟು, ಬೊಕ್ಕೆಯೆದ್ದ ಅಂಗೈಯನ್ನು ಇನ್ನೊಂದು ಕೈಯ ಹೆಬ್ಬೆರಳಿನಿಂದ ಒತ್ತಿಕೊಂಡರು. ಅವರೂ ಕನ್ನಡದಲ್ಲೇ ಕೇಳಿದರು.

"ಊರಿಗೆ ಟಿಕೆಟ್ಟು ಯಾವತ್ತಿಗೆ ನೋಡ್ಲಿ?"