ಹೊತ್ತು ಮೀರಿದ ಮುಲ್ತಾನಿ

ಆಗ ಗಾಯನ ಕೇಳಬೇಕೆಂದರೆ ಗಾಯಕರು ನಮ್ಮೂರಿಗೆ ಬರಬೇಕಿತ್ತು, ಇಲ್ಲವೇ ನಾವು ಬಸ್ಸು ಹತ್ತಿ ಹೋಗಬೇಕಿತ್ತು. ಇನ್ನೊಂದು ದಾರಿ ರೇಡಿಯೋ. ನಮ್ಮ ಮನೆಯ ರೇಡಿಯೋ ಸೆಲ್ ಇಳಿದಾಗಲೆಲ್ಲ ಎಂಥ ಗಾಯಕರಿಗೂ ನೆಗಡಿ ತರಿಸುತ್ತಿತ್ತು. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ಸೇರಿ ವರ್ಷಕ್ಕೆ ನಾಲ್ಕೈದು ಬೈಠಕ್ ನಡೆದರೆ ಅದೇ ದೊಡ್ಡದು. ಪತ್ರಿಕೆಯ ಕೆಲಸಕ್ಕೆ ಸೇರಿದ ಮೇಲೆ ಎಷ್ಟೋ ಸಂಗೀತ ಕಾರ್ಯಕ್ರಮಗಳಲ್ಲಿ ನೋಟ್‌ಬುಕ್ ಹಿಡಿದು ಕುಳಿತಿದ್ದೇನೆ. ಆದರೂ ನಾನು ಕೇಳಿದ ಅತ್ಯುತ್ತಮ ಕಛೇರಿ ಮತ್ತು ಅತಿ ಕೆಟ್ಟ ಕಛೇರಿ ಎರಡೂ ನನ್ನ ಐದನೆಯ ಈಯತ್ತೆಯ ಚಳಿಗಾಲದವು. ಎರಡರಲ್ಲೂ ಹಾಡಿದವರು ಒಬ್ಬರೇ.

ಎರಡಕ್ಕೂ ಕಾರಣ ಶಾಂತತ್ತಿ, ನನ್ನ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ರೋಣದ ನಮ್ಮ ಮನೆಯಲ್ಲೇ ಇದ್ದಳು. ಅವಳು ಬೆಳೆದದ್ದು ಗಜೇಂದ್ರಗಡದಲ್ಲಿ, ಮಗ್ಗದ ಓಣಿಯ ಮಗ್ಗುಲಿಗೆ. ಅಲ್ಲಿ ಒಬ್ಬ ಸಂಗೀತ ಮಾಸ್ತರರ ಬಳಿ ಆರು ವರ್ಷ ಕಲಿತಿದ್ದಳು. ಕೊನೆಗೆ ಕಲಿತದ್ದು ಮುಲ್ತಾನಿ ರಾಗದ ಒಂದು ಚೀಜು. ಆ ಮಾಸ್ತರರೇ ಕಟ್ಟಿದ ಹಾಡು ಅದು. ಮಧ್ಯಾಹ್ನ ಇಳಿದು ಸಂಜೆಯಾಗುವ ಮುನ್ನ ಹಾಡುವ ರಾಗ. ದಿನಾ ನಾಲ್ಕರ ಸುಮಾರಿಗೆ ಅತ್ತಿ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಅದನ್ನು ಹಾಡಿಕೊಳ್ಳುತ್ತಿದ್ದಳು. ಒಂದು ಕಡೆ ಬಂದು ಹಾಡು ನಿಲ್ಲುತ್ತಿತ್ತು, ಕೈಯೂ ನಿಲ್ಲುತ್ತಿತ್ತು. ಮತ್ತೆ ಮೊದಲಿನಿಂದ ಶುರು.

"ಮುಂದ ಏನೈತಿ ಅತ್ತಿ?"

"ಮುಂದ ಅಂತರಾ ಐತಿ. ಹಾಡಿನ ಎರಡನೇ ಅರ್ಧಾ."

"ಹಾಡು ಮತ್ತ."

"ಬಂದಿದ್ರ ಹಾಡತಿದ್ದಿಲ್ಲೇನ ಯವ್ವಾ? ಮೊದಲನೇ ಅರ್ಧಾ ಗಟ್ಟಿ ಆಗ್ಲಿ ಅಂತ ಮಾಸ್ತರ್ರು ಒಂದ್ ವರ್ಷ ತಿದ್ದಿದ್ರು. ಅದೂ ಗಟ್ಟಿ ಆತು, ನನ್ನ ಲಗ್ನಾನೂ ಗಟ್ಟಿ ಆತು."

ಬೆಳಗ್ಗೆ ನಾನು ಎಷ್ಟು ಗಂಟು ಬಿದ್ದರೂ ಅವಳು ಅದನ್ನು ಹಾಡುತ್ತಿರಲಿಲ್ಲ. "ಮುಂಜಾನೆ ಮುಲ್ತಾನಿ ಅಂದ್ರ ನಡುರಾತ್ರಿ ಎದ್ದು ಅಂಗಳಕ್ಕ ರಂಗೋಲಿ ಹಾಕಿದಂಗ" ಎನ್ನುತ್ತಿದ್ದಳು. ಅವಳ ಗುರುಮನೆಯ ಶಿಸ್ತು ಅದು.

ಆ ವರ್ಷ ನರಗುಂದದ ಹತ್ತಿ ವ್ಯಾಪಾರಿಯೊಬ್ಬರು ಹೊಸ ಗೋದಾಮಿನ ಪೂಜೆಗೆ ಒಬ್ಬ ಗಾಯಕರನ್ನು ಕರೆಸಿದ್ದರು. ಎಲ್ಲರೂ ಅವರನ್ನು ಬುವಾ ಎಂದೇ ಕರೆಯುತ್ತಿದ್ದರು. ಅವರು ಶಾಂತತ್ತಿಯ ತೀರಿಹೋದ ಮಾಸ್ತರರ ಶಿಷ್ಯ, ಆ ಹಾಡು ಬಲ್ಲವರಲ್ಲಿ ಉಳಿದವರು ಅವರೊಬ್ಬರೇ ಎಂದು ತಿಳಿದದ್ದೇ ತಡ, ಅತ್ತಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ನನ್ನನ್ನು ಎಬ್ಬಿಸಿ ಮೊದಲ ಬಸ್ಸಿಗೆ ಹೊರಡಿಸಿದಳು.

ಹೋಗಿ ನೋಡಿದರೆ ಕರೆಂಟ್ ಇರಲಿಲ್ಲ, ಮೈಕು ಸತ್ತಿತ್ತು. ಗದಗಿನಿಂದ ಬರಬೇಕಾದ ಹಾರಗಳೂ ಬಂದಿರಲಿಲ್ಲ. ಸಾಹುಕಾರರು ಕೈ ಹಿಸುಕಿಕೊಳ್ಳುತ್ತ ನಿಂತಿದ್ದರು.

"ಬುವಾರ, ಒಂದ್ ತಾಸು ತಡೀತೀರೇನ್ರಿ? ಹಾರ ಬಂದಿಲ್ರಿ."

"ಹಾರ ಬಂದು ಹಾಡತೈತೇನಪಾ? ಹೊತ್ತು ನೆತ್ತಿ ಮ್ಯಾಲೆ ಬಂದೈತಿ, ಸಾರಂಗ ರಾಗದ ಹೊತ್ತು. ತಂಬೂರಿ ಇತ್ತಾಗ ತಗೊಂಬಾ" ಎಂದು ಬುವಾ ಅಲ್ಲೇ ಚಾಪೆಯ ಮೇಲೆ ಕುಳಿತುಬಿಟ್ಟರು.

ಅಂಡಿಗೆ ಕಟ್ಟಿ ಒಟ್ಟಿದ ಅರಳೆಯ ಮೂಟೆಗಳ ಮೇಲೆ ಹಮಾಲರು, ಕೆಳಗೆ ಚಾಪೆಯ ಮೇಲೆ ನಾವು. ಹೊಸ ಅರಳೆಯದು ಒಣ ಬಿಸಿಲಿನಂಥ ವಾಸನೆ. ಗೋದಾಮಿನ ತುಂಬ ಅರಳೆ ಇದ್ದುದರಿಂದ ದನಿ ಎಲ್ಲಿಯೂ ಬಡಿದು ಮರಳುತ್ತಿರಲಿಲ್ಲ. ಬುವಾ ನನ್ನ ಕಿವಿಯ ಹತ್ತಿರವೇ ಕುಳಿತು ಹಾಡಿದಂತಿತ್ತು. ಬೇಸರವಾದೀತೆಂದು ಲಂಗದ ಚೀಲದಲ್ಲಿ ಆಡುವ ಗಜಗದ ಬೀಜ ತಂದಿದ್ದೆ. ತೆಗೆದು ತೂರಿದೆ, ಮೂರು ಗಜಗ ಅಂಗೈ ಹಿಂದೆ ನಿಂತವು, ಆಮೇಲೆ ಅವನ್ನು ಇಳಿಸುವುದು ಮರೆತೇಹೋಯಿತು. ಎರಡು ತಾಸು ಹಾಡಿದರು. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಲಿನಿಂದ ಒಬ್ಬ ಹಮಾಲ ಮಾತ್ರ "ಆತೇನ್ರಿ?" ಎಂದ, ಊಟದ ನಡುವೆ ತಾಟು ಎತ್ತಿದವರನ್ನು ಕೇಳುವಂತೆ.

ಅತ್ತಿ ಹೋಗಿ ಬುವಾರ ಕಾಲಿಗೆ ನಮಸ್ಕರಿಸಿದಳು. ಮಾಸ್ತರರ ಹೆಸರು ಹೇಳಿ, "ಮುಲ್ತಾನಿ ಚೀಜಿಂದು ಅಂತರಾ ಉಳದೈತ್ರಿ ನಂದು" ಎಂದಳು. ಅಷ್ಟೇ. ಹಾಡಿ ಎನ್ನಲಿಲ್ಲ. ಬುವಾ ಅವಳ ಮುಖ ನೋಡಿ ನಕ್ಕರು.

"ಅದೇ ಮನಿಯಾಗ ಕಲ್ತಿದ್ದು ಖರೇ ಐತಿ. ಬ್ಯಾರೇದವ್ರಾಗಿದ್ರ 'ಈಗ ಹಾಡ್ರಿ' ಅಂತ ಗಂಟು ಬೀಳತಿದ್ರು. ತಂಗಿ, ಎಲ್ಲೆರ ನಾಕ ಗಂಟೇಕ ನನ್ನ ಕೂಡ್ಸು. ಪೂರಾ ಹಾಡತೀನಿ. ಹಿಂದ ತಂಬೂರಿಗೆ ನೀನ ಕುಂದರಬೇಕು."

ಮರಳುವ ಬಸ್ಸಿನಲ್ಲಿ ಶಾಂತತ್ತಿ ಬುತ್ತಿಯ ಗಂಟು ಬಿಚ್ಚಲೇ ಇಲ್ಲ. ನಾನು ಹಸಿವೆ ಎಂದಾಗ, "ಹೌದಲಾ, ನಾವು ಉಂಡೇ ಇಲ್ಲ" ಎಂದು ತಾನೇ ಬೆರಗಾದಳು.

ಅಪ್ಪ ಹೈಸ್ಕೂಲ್ ಮಾಸ್ತರ. ರೋಣದಲ್ಲಿ ಯಾವ ಕಾರ್ಯಕ್ರಮವಿದ್ದರೂ ನಿರೂಪಣೆ ಅವರದೇ. ಅಕ್ಕನಿಗಾಗಿಯೇ ಹತ್ತಾರು ಜನರನ್ನು ಒಪ್ಪಿಸಿ, ಒಂದು ಭಾನುವಾರ ಸಂಜೆ ನಾಲ್ಕಕ್ಕೆ ಮಂಗಲ ಕಾರ್ಯಾಲಯವೊಂದರಲ್ಲಿ ಬುವಾರ ಗಾಯನ ಇರಿಸಿದರು. ಅತ್ತಿ ಪರಿಚಯದವರ ತಂಬೂರಿ ತಂದು ಹದಿನೈದು ದಿನ ಮೀಟಿದಳು. ಬೆರಳಿಗೆ ಬೊಬ್ಬೆ ಎದ್ದವು. ಅವಳು ರೊಟ್ಟಿ ಬಡಿಯಲಾಗದೆ ಅವ್ವನೇ ಬಡಿದಳು, ಗೊಣಗುತ್ತಲೇ.

ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂತು. ಪ್ರಾರ್ಥನೆ, ಸ್ವಾಗತ ಗೀತೆ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಸನ್ಮಾನ, ಅತಿಥಿಗಳು, ಅಧ್ಯಕ್ಷತೆ. ಗಾಯನ ತಳದಲ್ಲಿತ್ತು. ಅತ್ತಿ ಅದನ್ನು ಎರಡು ಸಲ ಓದಿದಳು.

"ತಮ್ಮಾ, ಹಾಡೂದು ಕಡೀಕ ಇಟ್ಟೀಯಲ್ಲೋ?"

"ಗಾಯನ ಮೊದಲ ಇಟ್ರ ಸನ್ಮಾನಕ್ಕ ಯಾರೂ ಉಳ್ಯಂಗಿಲ್ಲ ಅಕ್ಕಾ. ನಾಕೂ ಮುಕ್ಕಾಲಕ್ಕ ಎಲ್ಲಾ ಮುಗಸ್ತೀನಿ. ನಾ ಅದೀನಿ."

ವೇದಿಕೆಯ ಎದುರಿನ ಗೋಡೆಗೆ ದೊಡ್ಡ ಗಡಿಯಾರವಿತ್ತು. ಮುಂದೆ ಹೇಳುವ ಹೊತ್ತೆಲ್ಲ ಅದರದು. ಅಧ್ಯಕ್ಷರು ಬಂದದ್ದು ನಾಲ್ಕೂ ಇಪ್ಪತ್ತೈದಕ್ಕೆ. ಪ್ರಾರ್ಥನೆಯ ಮೇಲೆ ಸ್ವಾಗತ ಗೀತೆ. ಅದನ್ನು ಹಾಡಿದವಳು ನಾನು. ಎರಡು ನುಡಿಯ ಮೇಲೆ ಚಪ್ಪಾಳೆ ಬಿತ್ತು. ನಿಲ್ಲಿಸಬಹುದಿತ್ತು. ಉಳಿದ ಮೂರೂ ನುಡಿಗಳನ್ನು, ಪಲ್ಲವಿ ಎರಡೆರಡು ಸಲ ಸೇರಿಸಿ, ಹಾಡಿ ಇಳಿದೆ. ಏಳು ನಿಮಿಷ. ಉಳಿದವರ ನಿಮಿಷ ಎಣಿಸುವ ಮೊದಲು ನನ್ನದನ್ನು ದಾಖಲಿಸುವುದು ನ್ಯಾಯ.

ಆಮೇಲೆ ಭಾಷಣ. "ನನಗ ಸಂಗೀತದ ಗಂಧಾ ಗಾಳಿ ಇಲ್ರಿ, ಆದ್ರೂ ಎರಡು ಮಾತು" ಎಂದು ಎದ್ದವರೊಬ್ಬರು ಹತ್ತೊಂಬತ್ತು ನಿಮಿಷ ಮಾತಾಡಿದರು. ಇನ್ನೊಬ್ಬರು ಊರಿನ ಗಟಾರದ ಸಮಸ್ಯೆ ಎತ್ತಿದರು. ಬುವಾರಿಗೆ ಶಾಲು ಹೊದಿಸಿದರು. ಅವರೊಬ್ಬರಿಗೇ ಹೊದಿಸಿದರೆ ಚೆನ್ನಾಗಿ ಕಾಣದೆಂದು ಇನ್ನೂ ಎಂಟು ಜನರಿಗೆ ಹೊದಿಸಿದರು. ಫೋಟೋದವನು "ಸಾಹೇಬ್ರ, ಇನ್ನೊಮ್ಮಿ ಹಾಕ್ರಿ" ಎಂದಾಗಲೆಲ್ಲ ಹಾಕಿದ ಹಾರ ತೆಗೆದು ಮತ್ತೆ ಹಾಕಿದರು. ಬುವಾ ಕೊರಳ ತುಂಬ ಹಾರ ಹೊತ್ತು ಕಿಟಕಿಯ ಹೊರಗೆ ಬೇವಿನ ಗಿಡದ ನೆರಳು ಉದ್ದವಾಗುವುದನ್ನು ನೋಡುತ್ತಿದ್ದರು.

ಶಾಂತತ್ತಿ ವೇದಿಕೆಯ ಮೂಲೆಯಲ್ಲಿ ತಂಬೂರಿ ಹಿಡಿದು ಕುಳಿತಿದ್ದಳು. ಹೊತ್ತು ಕಳೆದಂತೆ ತಂತಿ ಸಡಿಲಾಗಿ ಶ್ರುತಿ ಇಳಿಯುತ್ತಿತ್ತು. ಅವಳು ಮೆಲ್ಲಗೆ ಮೀಟಿ ಬಿಗಿಯಲು ಹೋದಾಗ ಅಪ್ಪ ಓಡಿ ಬಂದರು.

"ಸಪ್ಪಳ ಮಾಡಬ್ಯಾಡ ಅಕ್ಕಾ. ಮಾತಾಡಾಕತ್ತಾರ."

ಐದೂ ಇಪ್ಪತ್ತಕ್ಕೆ ನಾನು ಅಪ್ಪನ ಅಂಗಿ ಜಗ್ಗಿದೆ. "ಅಪ್ಪಾ, ಹೊತ್ತು ಮುಳಗಾಕ ಬಂತು. ಸಾಕ ಮಾಡ್ರಿ."

"ಇನ್ನ ನಾಕ ಮಂದಿ ಅದಾರ ಅವ್ವಿ. ನಾಳಿಗೆ ಇದ ಊರಾಗ ಇರಬೇಕು ನಾವು. ಪತ್ರಿಕೆಯೊಳಗ ಹೆಸರು ಹಾಕಿ ಕರೀಲಿಲ್ಲಂದ್ರ ಹ್ಯಾಂಗ ಮಾರಿ ತೋರ್ಸೂದು?"

ಅಪ್ಪನ ಹಣೆ ಬೆವತಿತ್ತು. ಮೈಕು ಅವರ ಕೈಯಲ್ಲೇ ಇತ್ತು. ಒಂದು ಹೆಸರನ್ನೂ ಬಿಡದೆ ಕರೆದರು.

ಬುವಾ ಹಾಡಲು ಕುಳಿತಾಗ ಆರೂ ಹತ್ತು. ಟ್ಯೂಬ್‌ಲೈಟ್ ಹತ್ತಿದ್ದವು. ಅವರು ಹಾರ ತೆಗೆದಿಟ್ಟು ಹಿಂದಕ್ಕೆ ತಿರುಗಿದರು. ನಾನು ಹತ್ತಿರವೇ ಇದ್ದೆ.

"ತಂಗಿ, ಹೊತ್ತು ಹೋತಲ್ಲವಾ."

"ಹೋತ್ರಿ ಅಣ್ಣಾರ."

ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಅರ್ಧ ಹಾಡು. ಹೆಚ್ಚೆಂದರೆ ನಾಲ್ಕು ಸಾಲು. ಇವರಿಗೆ ಬರುತ್ತದೆ, ಅವಳಿಗೆ ಬೇಕು, ನಡುವೆ ಇರುವುದು ಒಂದು ಮೊಳ ಜಾಗ. "ಹಾಡಿಬಿಡ್ರೀ ಅಜ್ಜಾರ, ಯಾರಿಗೆ ತಿಳೀತೈತಿ!" ಎಂದುಬಿಟ್ಟೆ. ಮುಂದಿನ ಸಾಲಿನವರು ನಕ್ಕರು.

ಶಾಂತತ್ತಿ ನಗಲಿಲ್ಲ. "ನನಗ ತಿಳೀತೈತಿ" ಎಂದಳು.

ಅತ್ತಿ ತಂತಿ ಬಿಗಿದು ಶ್ರುತಿ ಸೇರಿಸಿದ ಮೇಲೆ ಬುವಾ ಸಂಜೆಯ ರಾಗ ಯಮನ್ ಎತ್ತಿಕೊಂಡರು. ಮೈಕು ನಡುನಡುವೆ ಕೀರಲು ದನಿಯಲ್ಲಿ ಕಿರುಚುತ್ತಿತ್ತು. ಹಿಂದೆ ಉಪ್ಪಿಟ್ಟು ಹಂಚಲು ಶುರುವಾಗಿ ಖುರ್ಚಿಗಳು ಸರಿದವು. ಶಾಲು ಹೊದ್ದವರು ಒಬ್ಬೊಬ್ಬರೇ ಕೈಮುಗಿದು ಹೊರಟರು. ಯಾರೋ ಸಿನಿಮಾ ಹಾಡು ಹೇಳಿರೆಂದು ಚೀಟಿ ಕಳಿಸಿದರು. ಇಪ್ಪತ್ತೈದು ನಿಮಿಷಕ್ಕೆ ಬುವಾ ಕೈಮುಗಿದರು. ಹುಬ್ಬಳ್ಳಿ ಬಸ್ಸು ಹಿಡಿಯಬೇಕಿತ್ತು. ಅಷ್ಟೂ ಹೊತ್ತು ತಂಬೂರಿ ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ಇಳಿಯುವಾಗ ಅವರು, "ಮುಂದಿನ ಸುಗ್ಗಿಗೆ ಬರತೀನಿ ತಂಗಿ. ನಿಮ್ಮ ಮನಿಯಾಗ ಕುಂಡ್ರೂಣು. ಮಂದಿ ಬ್ಯಾಡ" ಎಂದರು.

ಸುಗ್ಗಿಗೆ ಮುಂಚೆ ಅವರಿಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಮಾತು ಹೋಯಿತು. ಸುದ್ದಿ ಹೇಳಿದ ಅಪ್ಪ ಬಾಗಿಲಲ್ಲೇ ನಿಂತಿದ್ದರು, ಒಳಗೆ ಬರಲಿಲ್ಲ. ಅತ್ತಿ ಅವರನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅಪ್ಪನಿಗೆ ಹಗುರವಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಕಾರ್ಯಕ್ರಮವಾದ ಮೂರನೆಯ ದಿನ ಪತ್ರಿಕೆಯಲ್ಲಿ ವರದಿ ಬಂದಿತ್ತು. ಮಾತಾಡಿದವರೆಲ್ಲರ ಹೆಸರೂ ಅದರಲ್ಲಿತ್ತು, ಸ್ವಾಗತ ಗೀತೆ ಹಾಡಿದ ನನ್ನದೂ. ಕೊನೆಯ ಸಾಲು: "ನಂತರ ಸಂಗೀತ ಕಾರ್ಯಕ್ರಮ ಜರುಗಿತು." ತಂಬೂರಿಗೆ ಯಾರು ಕುಳಿತಿದ್ದರೆಂದು ಇರಲಿಲ್ಲ. ನಾನು ಅದನ್ನು ಕತ್ತರಿಸಿ ಪಾಟಿಚೀಲದಲ್ಲಿ ಇಟ್ಟುಕೊಂಡೆ. ಗೆಳತಿಯರಿಗೆ, ಶಾಲೆಯ ಮಾಸ್ತರರಿಗೆ, ಅಬ್ಬಿಗೇರಿಯ ಸೋದರಮಾವನಿಗೆ, ಸಿಕ್ಕವರಿಗೆಲ್ಲ ಓದಿ ಹೇಳಿದೆ.

ಬುವಾರ ಸುದ್ದಿ ಬಂದ ಮೇಲೆ ಶಾಂತತ್ತಿ ಮತ್ತೆ ಜೋಳ ಹಸನು ಮಾಡುವಾಗ ಹಾಡಲಿಲ್ಲ. ಒಂದು ದಿನ ನಾಲ್ಕರ ಹೊತ್ತಿಗೇ ಹೋಗಿ ಎದುರು ಕುಳಿತೆ.

"ನಿನಗ ಬರೂದಾದ್ರೂ ಹಾಡ ಅತ್ತಿ."

"ಉಳದ ಅರ್ಧಾ ಎಲ್ಲೋ ಐತಿ ಅಂತ ಹಾಡತಿದ್ನಿ ಯವ್ವಾ" ಎಂದು ಮೊರ ಕೊಡವಿದಳು.

ಅವಳು ಹೋಗಿ ಬಹಳ ವರ್ಷವಾಯಿತು. ಈಗ ಮುಲ್ತಾನಿ ನನ್ನ ಫೋನಿನಲ್ಲಿದೆ, ಬೇಕಾದವರದು, ಬೇಕಾದ ಹೊತ್ತಿಗೆ. ಬೆಳಗ್ಗೆ ಹಲ್ಲುಜ್ಜುತ್ತ ಕೇಳಬಹುದು; ಕೇಳಿದ್ದೇನೆ. ಗಜೇಂದ್ರಗಡದ ಮಾಸ್ತರರ ಆ ಚೀಜು ಎಲ್ಲಿಯೂ ಸಿಗಲಿಲ್ಲ. ಯಾರೂ ಧ್ವನಿಮುದ್ರಿಸಿಕೊಂಡಿರಲಿಲ್ಲ. ಕಾರ್ಯಕ್ರಮಗಳ ಕ್ರಮ ಇಂದಿಗೂ ಅದೇ. ಗಾಯನ ತಳದಲ್ಲಿರುತ್ತದೆ, ಕಲಾವಿದರು ಹಾರ ಹೊತ್ತು ಗಡಿಯಾರ ನೋಡುತ್ತಾರೆ, ನಾನು ಹೆಸರು ಬರೆದುಕೊಳ್ಳುತ್ತೇನೆ. ಒಂದು ಹೆಸರು ಬಿಟ್ಟರೂ ಮರುದಿನ ಕಚೇರಿಗೆ ಫೋನು ಬರುತ್ತದೆ. ಹಾಡಿದ ರಾಗ ಯಾವುದೆಂದು ಬರೆಯಲಿಲ್ಲವೆಂದು ಇದುವರೆಗೆ ಯಾರೂ ಫೋನು ಮಾಡಿಲ್ಲ.

ಆ ಕತ್ತರಿಸಿದ ವರದಿಯನ್ನು ಎಷ್ಟು ಸಲ ಓದಿದ್ದೆನೆಂದರೆ, ಅಂದು ವೇದಿಕೆಯ ಮೇಲೆ ಮಾತಾಡಿದವರ ಹೆಸರುಗಳನ್ನು ಇವತ್ತಿಗೂ ಸಾಲಾಗಿ, ಹುದ್ದೆ ಸಮೇತ ಹೇಳಬಲ್ಲೆ. ದಿನಾ ನಾಲ್ಕಕ್ಕೆ ಪಡಸಾಲೆಯಲ್ಲಿ ಕೇಳಿದ ಶಾಂತತ್ತಿಯ ಹಾಡಿನದು ಮೊದಲ ನಾಲ್ಕು ಸ್ವರ ಮಾತ್ರ ನೆನಪಿವೆ. ನಾಲ್ಕನೆಯದು ಸರಿ ಇದೆಯೋ ಇಲ್ಲವೋ, ಕೇಳಲು ಯಾರೂ ಇಲ್ಲ.